ಕೀಲು ಬದಲಿ ಶಸ್ತ್ರಚಿಕಿತ್ಸೆಯ ನಂತರದ ಗೃಹ ಆರೈಕೆ: ಮಂಚದಿಂದ ಶೌಚಾಲಯದವರೆಗೆ

ಮೊಣಕಾಲು ಅಥವಾ ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸಲಾಗುತ್ತದೆ. ಆಸ್ಪತ್ರೆಯಲ್ಲಿ ಸಮತಟ್ಟಾದ ನೆಲ, ಕಮೋಡ್, ಹಿಡಿದುಕೊಳ್ಳಲು ಕಂಬಿ ಇರುತ್ತವೆ. ಹಳ್ಳಿಯ ಮನೆಯಲ್ಲಿ ಎದುರಾಗುವುದು ಹೊಸ್ತಿಲು, ಜಗಲಿ, ಹಿತ್ತಲಿನ ಶೌಚಾಲಯ. ಆದುದರಿಂದ ವಾರ್ಡಿನ ಸದಸ್ಯರು ಶಸ್ತ್ರಚಿಕಿತ್ಸೆಗೆ ಮುನ್ನವೇ ಆ ಮನೆಯನ್ನು ನೋಡಿ ಬರುವುದು ಸೂಕ್ತ.

ಗ್ರಾಮೀಣ ಶೌಚಾಲಯಗಳಲ್ಲಿ ಬಹುತೇಕವು ಕುಕ್ಕರಗಾಲಿನಲ್ಲಿ ಕೂರುವ ಮಾದರಿಯವು. ಹೊಸ ಮೊಣಕಾಲಿಗೆ ಆ ಭಂಗಿ ಸಲ್ಲದು. ಸೊಂಟದ ಕೀಲಾದರೆ ಮೊದಲ ವಾರಗಳಲ್ಲಿ 90 ಡಿಗ್ರಿಗಿಂತ ಹೆಚ್ಚು ಬಾಗಿದಾಗ ಕೀಲು ಜಾರುವ ಸಂಭವವೂ ಇದೆ. ಪ್ಯಾನಿನ ಮೇಲೆ ಇರಿಸುವ ಕಮೋಡ್ ಕುರ್ಚಿ ಮತ್ತು ಗೋಡೆಗೆ ಭದ್ರಪಡಿಸಿದ ಕಂಬಿ ಇದ್ದರೆ ಕಟ್ಟಡ ಒಡೆಯುವ ಅಗತ್ಯವಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ರಂಧ್ರ ಕೊರೆದು ಬಳಸುವುದು ಬೇಡ. ಒದ್ದೆ ನೆಲದಲ್ಲಿ ಅದು ಜಾರುತ್ತದೆ. ಬಾಗಿಲಿನ ಅಗಲವನ್ನು ವಾಕರ್‌ನ ಅಗಲದೊಂದಿಗೆ ಅಳೆದು ನೋಡಬೇಕು. ರಾತ್ರಿ ಕತ್ತಲಲ್ಲಿ ಹಿತ್ತಲಿಗೆ ಹೋಗಲು ಅಂಜಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ವೃದ್ಧರಿದ್ದಾರೆ. ಆ ದಾರಿಗೆ ಒಂದು ದೀಪ ಹಾಕಿಸುವುದು ಅಲ್ಪ ವೆಚ್ಚದ ಕೆಲಸ.

ಇಳಿಜಾರು ನಿರ್ಮಿಸುವುದಾದರೆ 1:12 ಅನುಪಾತವಿರಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಅಷ್ಟು ಜಾಗವಿಲ್ಲದೆಡೆ ಕಡಿದಾದ ಇಳಿಜಾರಿಗಿಂತ ಕಂಬಿಯುಳ್ಳ ಮೆಟ್ಟಿಲೇ ಲೇಸು. ಹತ್ತುವಾಗ ಸರಿಯಿರುವ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು ಎಂಬ ಕ್ರಮವನ್ನು ಮನೆಯವರೂ ತಿಳಿದಿರತಕ್ಕದ್ದು.

‘ಪೂರ್ಣ ವಿಶ್ರಾಂತಿ’ ಎಂದು ರೋಗಿಯನ್ನು ಮಲಗಿಸಿಬಿಡುವುದು ಪ್ರೀತಿಯಿಂದಲೇ ಆಗುವ ಹಾನಿ. ವೈದ್ಯರು ಹೇಳಿದಷ್ಟು ನಡಿಗೆ ಹಾಗೂ ವ್ಯಾಯಾಮ ನೋವಿದ್ದರೂ ನಡೆಯಬೇಕು. ಮೊಣಕಾಲಿನ ಕೆಳಗೆ ದಿಂಬು ಇಟ್ಟರೆ ಹಿತವೆನಿಸಿದರೂ ಕಾಲು ನೇರವಾಗುವುದಕ್ಕೆ ಅದು ಅಡ್ಡಿ. ಎಣ್ಣೆ ತಿಕ್ಕುವುದು, ಗಾಯಕ್ಕೆ ಸೊಪ್ಪಿನ ಪಟ್ಟು ಹಾಕುವುದು ಸರ್ವಥಾ ಸಲ್ಲದು.

ಗಾಯದಿಂದ ಕೀವು, ಹೆಚ್ಚುತ್ತಿರುವ ಕೆಂಪು, ಜ್ವರ ಕಂಡರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ತಕ್ಷಣ ತಿಳಿಸಬೇಕು. ಮೀನಖಂಡದಲ್ಲಿ ಹೊಸದಾಗಿ ಊತ ಮತ್ತು ನೋವು ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು ಉಂಟಾದರೆ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಈ ಲಕ್ಷಣಗಳನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಯವರಿಗೆ ಮೊದಲೇ ತಿಳಿಸುವುದು ಅಪೇಕ್ಷಣೀಯ.

ವಾಕರ್ ಹಾಗೂ ಕಮೋಡ್ ಕುರ್ಚಿಯ ಅಗತ್ಯ ಹಲವರಿಗೆ ಕೆಲವೇ ತಿಂಗಳುಗಳದ್ದು. ನಂತರ ಅವು ಅಟ್ಟ ಸೇರುತ್ತವೆ. ಅಂತಹವುಗಳನ್ನು ದಾನವಾಗಿ ಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ಮುಂದಿನ ಮನೆಗೆ ಎರವಲು ನೀಡುವ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದು. ವಾಕರ್ ಕೊಡುವಾಗ ಕಾಲುಗಳ ರಬ್ಬರ್ ಸವೆದಿದೆಯೇ ಎಂದು ನೋಡಿ, ಎತ್ತರವನ್ನು ಆ ವ್ಯಕ್ತಿಯ ಮಣಿಕಟ್ಟಿನ ಮಟ್ಟಕ್ಕೆ ಹೊಂದಿಸಿ ಕೊಡತಕ್ಕದ್ದು.