ಭೂಪಟದ ಹೊರೆ

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಉಪಗ್ರಹಗಳ ಸಂಕೇತಗಳನ್ನು ಹಿಡಿದು, ತಾನಿರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕಿ ಹೇಳುವ ಜಿ.ಪಿ.ಎಸ್. ಉಪಕರಣವು ಇಂದು ಎಲ್ಲರ ಮೊಬೈಲ್ ಫೋನುಗಳಲ್ಲಿಯೂ ಅಡಗಿದೆ. ಅದು ಸ್ಥಾನವನ್ನು ಕಂಡುಹಿಡಿಯುವ ಬಗೆಯನ್ನು ವಾಚಕರು ಓದಿರಬಹುದು. ಹಾಗೆ ಕಂಡುಹಿಡಿದ ಸ್ಥಾನಗಳು ರಾಶಿರಾಶಿಯಾಗಿ ಬಂದು ಬಿದ್ದಾಗ ಅವನ್ನು ಗಣಕಯಂತ್ರದ ಡೇಟಾಬೇಸಿನಲ್ಲಿ ಹೇಗೆ ಇಡಬೇಕು, ಬೇಕಾದುದನ್ನು ಹೇಗೆ ಹುಡುಕಿ ತೆಗೆಯಬೇಕು ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ಮೊದಲು ರಾಶಿಯ ಗಾತ್ರವನ್ನು ತಿಳಿಯಬೇಕು. ಒಂದು ಮೋಟಾರು ವಾಹನವು ತನ್ನ ಸ್ಥಾನವನ್ನು ಸೆಕೆಂಡಿಗೊಮ್ಮೆ ಬರೆದಿಡುತ್ತದೆ ಎನ್ನೋಣ. ದಿನವೊಂದಕ್ಕೆ 86,400 ಬಿಂದುಗಳಾದುವು. ಸಾವಿರ ವಾಹನಗಳಿದ್ದರೆ 8 ಕೋಟಿ 64 ಲಕ್ಷ. ಅಕ್ಷಾಂಶಕ್ಕೆ 8 ಬೈಟು, ರೇಖಾಂಶಕ್ಕೆ 8, ವೇಳೆಗೆ 8, ಹೀಗೆ ಬಿಂದುವಿಗೆ 24 ಬೈಟಿನಂತೆ ಒಂದು ದಿನದ ದಾಖಲೆಗೇ 207 ಕೋಟಿ ಬೈಟುಗಳ ಸ್ಥಳ ಬೇಕು. ಇದರಲ್ಲಿ ಒಂದು ಪಾಲು ಬರಿಯ ದುಂದು. ದಶಮಾಂಶ ಬಿಂದುವಿನ ಮುಂದೆ ಹದಿನಾಲ್ಕು ಅಂಕಿಗಳನ್ನು ಬರೆದಿಟ್ಟರೂ, ಅಕ್ಷಾಂಶದ ಒಂದು ಡಿಗ್ರಿಯು ಸುಮಾರು 111 ಕಿಲೋಮೀಟರ್ ಆದುದರಿಂದ, ಏಳನೆಯ ಅಂಕಿಯೇ ಹೆಚ್ಚುಕಡಮೆ ಒಂದು ಸೆಂಟಿಮೀಟರನ್ನು ಸೂಚಿಸುತ್ತದೆ. ಫೋನಿನಲ್ಲಿರುವ ಉಪಕರಣದ ತಪ್ಪೇ ಕೆಲವು ಮೀಟರುಗಳಷ್ಟಿರುತ್ತದೆ. ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದು ಉತ್ತರವನ್ನು ಹತ್ತು ದಶಮಾಂಶ ಸ್ಥಾನಗಳವರೆಗೆ ಬರೆಯುವ ವಿದ್ಯಾರ್ಥಿಯ ಸಾಹಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಪ್ರಾರಂಭವಾಗಿ ಸ್ವಯಂಸೇವಕರ ಕೈಯಿಂದ ಬೆಳೆದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಗದ್ಭೂಪಟದಲ್ಲಿ ಡಿಗ್ರಿಯನ್ನು 1 ಕೋಟಿಯಿಂದ ಗುಣಿಸಿ ಪೂರ್ಣಾಂಕವಾಗಿ ಇಡುತ್ತಾರೆ. ಅತಿ ದೊಡ್ಡ ರೇಖಾಂಶವಾದ 180 ಡಿಗ್ರಿಯು ಆಗ 180 ಕೋಟಿಯಾಗುತ್ತದೆ. ಧನ ಋಣ ಚಿಹ್ನೆಯೂ ಸೇರಿ 4 ಬೈಟುಗಳಲ್ಲಿ 214 ಕೋಟಿಯವರೆಗೆ ಬರೆಯಬಹುದಾದುದರಿಂದ, 8 ಬೈಟುಗಳ ಕೆಲಸವನ್ನು 4 ಬೈಟುಗಳೇ ಪೂರೈಸುತ್ತವೆ.

ಅಕ್ಷಾಂಶ ರೇಖಾಂಶಗಳ ಬೈಟುಗಳನ್ನು ಅರ್ಧಕ್ಕಿಳಿಸಿದ ಮಾತ್ರಕ್ಕೆ ಹುಡುಕುವ ಕಷ್ಟ ತೀರುವುದಿಲ್ಲ. ಈ ಸೇತುವೆಯ ಸುತ್ತ ಐನೂರು ಮೀಟರಿನೊಳಗೆ ಯಾವ ವಾಹನಗಳಿದ್ದುವು ಎಂದು ಕೇಳಿದರೆ ಎಂಟು ಕೋಟಿ ಬಿಂದುಗಳನ್ನೂ ಒಂದೊಂದಾಗಿ ಪರೀಕ್ಷಿಸುವುದೇ? ನಿಘಂಟಿನಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಿರುವುದರಿಂದ ಬೇಕಾದ ಪುಟಕ್ಕೆ ನೇರವಾಗಿ ಹೋಗಬಹುದು. ಆದರೆ ಅಕಾರಾದಿಗೆ ಇರುವುದು ಒಂದೇ ದಿಕ್ಕು, ಭೂಪಟಕ್ಕೆ ಎರಡು. ಅಕ್ಷಾಂಶದ ಕ್ರಮದಲ್ಲಿ ಜೋಡಿಸಿದರೆ ಒಂದೇ ಅಕ್ಷಾಂಶದಲ್ಲಿರುವ ದೂರದೂರದ ಊರುಗಳು ಒಂದೆಡೆ ಸೇರಿ, ಉತ್ತರ ದಕ್ಷಿಣವಾಗಿ ನೆರೆಯಲ್ಲಿರುವ ಊರುಗಳು ಅಗಲಿಹೋಗುತ್ತವೆ.

ಈ ತೊಡಕು ಜಿ.ಪಿ.ಎಸ್.ಗಿಂತ ಹಳೆಯದು. 1960ರ ದಶಕದಲ್ಲಿ ಕೆನಡಾ ಸರ್ಕಾರವು ತನ್ನ ದೇಶದ ಭೂಮಿಯ ಗುಣಗಳನ್ನು ಸಮೀಕ್ಷೆಮಾಡಿ ಸಾವಿರಾರು ನಕ್ಷೆಗಳನ್ನು ತಯಾರಿಸಲು ಹೊರಟಾಗ, ಅವನ್ನು ಗಣಕಯಂತ್ರದಲ್ಲಿಟ್ಟು ಪರಿಶೀಲಿಸಬೇಕೆಂಬ ಯೋಜನೆಯನ್ನು ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞರು ಮುಂದಿಟ್ಟರು. ಆಗಿನ ದಾಖಲೆಗಳಿದ್ದುದು ಆಯಸ್ಕಾಂತೀಯ ಸುರುಳಿಗಳಲ್ಲಿ. ಸುರುಳಿಯನ್ನು ಮೊದಲಿನಿಂದ ಬಿಚ್ಚುತ್ತಲೇ ಹೋಗಬೇಕು. ನೆರೆಯ ಚೌಕಗಳು ಸುರುಳಿಯಲ್ಲಿಯೂ ನೆರೆಯಲ್ಲಿರುವಂತೆ ಜೋಡಿಸುವ ಉಪಾಯವೊಂದನ್ನು ಐ.ಬಿ.ಎಂ. ಸಂಸ್ಥೆಯ ಮಾರ್ಟನ್ ಎಂಬವರು 1966ರಲ್ಲಿ ಸೂಚಿಸಿದರು. ಅದರ ಸರಳತೆಯನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಭೂಪಟವನ್ನು ಚೌಕಗಳಾಗಿ ವಿಭಾಗಿಸಿ ಸಾಲು ಕಂಬಗಳನ್ನು ಸೊನ್ನೆಯಿಂದ ಎಣಿಸಿರಿ. ಸಾಲು 3, ಕಂಬ 5ರ ಚೌಕವನ್ನು ತೆಗೆದುಕೊಳ್ಳೋಣ. ದ್ವಿಮಾನ ಪದ್ಧತಿಯಲ್ಲಿ 3 ಎಂದರೆ 011, 5 ಎಂದರೆ 101. ಸಾಲಿನಿಂದ ಒಂದು ಅಂಕಿ, ಕಂಬದಿಂದ ಒಂದು ಅಂಕಿ, ಹೀಗೆ ಜಡೆ ಹೆಣೆದಂತೆ ಬರೆದರೆ 011011, ಅಂದರೆ 27 ಬರುತ್ತದೆ. ಎಡಗಡೆಯ ಚೌಕಕ್ಕೆ 26, ಸಾಲು 2ರಲ್ಲಿರುವ ಅವೆರಡರ ನೆರೆಯ ಚೌಕಗಳಿಗೆ 24 ಮತ್ತು 25 ಬರುತ್ತವೆ. ನಾಲ್ಕು ನೆರೆಹೊರೆಯವರು ಒಂದೇ ಬೀದಿಯಲ್ಲಿ ನಿಂತಂತಾಯಿತು! ಆದರೆ ಈ ಉಪಾಯ ಪೂರ್ಣವಾದುದೆಂದು ತಿಳಿಯಬಾರದು. ಅದೇ ಸಾಲಿನಲ್ಲಿ ಕಂಬ 3ರ ಚೌಕಕ್ಕೆ 15, ಅದಕ್ಕೆ ತಗುಲಿಕೊಂಡೇ ಇರುವ ಕಂಬ 4ರ ಚೌಕಕ್ಕೆ 26. ಎರಡು ದಿಕ್ಕುಗಳ ನೆರೆತನವನ್ನು ಒಂದೇ ದಿಕ್ಕಿನಲ್ಲಿ ಸಂಪೂರ್ಣವಾಗಿ ಉಳಿಸಿಕೊಳ್ಳುವುದು ಯಾವ ಕ್ರಮಕ್ಕೂ ಸಾಧ್ಯವಿಲ್ಲ.

1984ರಲ್ಲಿ ಅಂಟೋನಿನ್ ಗಟ್‌ಮನ್ ಅವರು ಬೇರೊಂದು ದಾರಿಯನ್ನು ತೋರಿಸಿದರು. ಹತ್ತಿರವಿರುವ ವಸ್ತುಗಳನ್ನು ಒಂದು ಆಯತದಲ್ಲಿ ಸೇರಿಸಿ, ಅಂಥ ಆಯತಗಳನ್ನು ಇನ್ನೂ ದೊಡ್ಡ ಆಯತದಲ್ಲಿ ಸೇರಿಸುತ್ತ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಮಾಡುವುದು. ಇದಕ್ಕೆ ಆರ್-ಟ್ರೀ ಎಂದು ಹೆಸರು. ಪೆಟ್ಟಿಗೆಗೆ ನೂರರಂತೆ ತುಂಬಿದರೆ ನಾಲ್ಕು ಮಜಲುಗಳಲ್ಲಿ 10 ಕೋಟಿ ವಸ್ತುಗಳು ಹಿಡಿಸುತ್ತವೆ. ನಮ್ಮ 8 ಕೋಟಿ 64 ಲಕ್ಷ ಬಿಂದುಗಳಲ್ಲಿ ಒಂದನ್ನು ಹುಡುಕಲು, ಪೆಟ್ಟಿಗೆಗಳು ಒಂದರ ಮೇಲೊಂದು ಹೊದಿಯದಿದ್ದರೆ, ನಾಲ್ಕು ಬಾರಿ ಮುಚ್ಚಳ ತೆರೆದರೆ ಸಾಕು. 2001ರಲ್ಲಿ ಕೆನಡಾದಲ್ಲಿಯೇ ಸಿದ್ಧವಾದ ಪೋಸ್ಟ್‌ಜಿಐಎಸ್ ಎಂಬ ವ್ಯವಸ್ಥೆಯೂ ಇದೇ ತತ್ತ್ವವನ್ನು ಅವಲಂಬಿಸಿದೆ.

ಬಿಂದುಗಳಿಗೆ ಇದು ಸೊಗಸಾಗಿ ಒಪ್ಪುತ್ತದೆ. ಹೊರೆಯಾಗುವುದು ಒಂದೊಂದೇ ವಸ್ತು ದೈತ್ಯಾಕಾರವಾದಾಗ. ಕೆನಡಾದ ಗಡಿಯನ್ನೇ ನೋಡಿ. ಅದರ ಕರಾವಳಿಯ ಉದ್ದ 2 ಲಕ್ಷ ಕಿಲೋಮೀಟರನ್ನು ಮೀರಿದುದು. ನಕ್ಷೆಯಲ್ಲಿ ಲಕ್ಷಾಂತರ ಬಿಂದುಗಳ ಬಹುಭುಜ. ಅದನ್ನು ಸುತ್ತುವರಿಯುವ ಆಯತದೊಳಗೆ ಅಮೆರಿಕದ ಬಾಸ್ಟನ್, ಷಿಕಾಗೋ, ಸಿಯಾಟಲ್ ನಗರಗಳೂ ಬೀಳುತ್ತವೆ. ಬಾಸ್ಟನ್ನಿನ ಬೀದಿಯ ಯಾವ ಬಿಂದುವನ್ನು ಕೊಟ್ಟು ಇದು ಯಾವ ದೇಶ ಎಂದು ಕೇಳಿದರೂ, ಕೆನಡಾ ಇರಬಹುದು ಎಂದು ಆಯತವು ಹೇಳುತ್ತದೆ. ಆಗ ಲಕ್ಷಾಂತರ ಬಿಂದುಗಳ ಗಡಿಯನ್ನು ತಂದು ಪರೀಕ್ಷಿಸಿ ಅಲ್ಲವೆನ್ನಬೇಕು. ತರುವುದೂ ಸುಲಭವಲ್ಲ. ಪೋಸ್ಟ್‌ಜಿಐಎಸ್‌ಗೆ ಆಧಾರವಾದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪುಟವು ಸಾಮಾನ್ಯವಾಗಿ 8,192 ಬೈಟುಗಳದು. ಅದರಲ್ಲಿ ಹಿಡಿಸದ ವಸ್ತುವನ್ನು ಸುಮಾರು ಎರಡೆರಡು ಸಾವಿರ ಬೈಟುಗಳ ತುಂಡುಗಳಾಗಿ ಬೇರೆಡೆ ಇಟ್ಟಿರುತ್ತಾರೆ. ಒಂದು ಲಕ್ಷ ಬಿಂದುಗಳ ಗಡಿಯು, ಅದುಮಿ ಚಿಕ್ಕದು ಮಾಡದಿದ್ದರೆ, ಎಂಟು ನೂರು ತುಂಡುಗಳಾಗುತ್ತದೆ. ಪ್ರತಿ ಪ್ರಶ್ನೆಗೂ ಅವನ್ನೆಲ್ಲ ಕೂಡಿಸಬೇಕು.

ಇದಕ್ಕೆ ಮದ್ದು ಕತ್ತರಿ. ದೈತ್ಯ ಬಹುಭುಜವನ್ನು 256ಕ್ಕೆ ಮೀರದ ಬಿಂದುಗಳುಳ್ಳ ಚೂರುಗಳಾಗಿ ಕತ್ತರಿಸಿ, ಚೂರಿಗೊಂದು ಆಯತವನ್ನು ಕಟ್ಟಿದರೆ, ಬಾಸ್ಟನ್ನಿನ ಬಿಂದು ಕೆನಡಾದ ಯಾವ ಪೆಟ್ಟಿಗೆಯೊಳಗೂ ಬೀಳದೆ ಹೋಗುತ್ತದೆ. 2015ರಿಂದ ಪೋಸ್ಟ್‌ಜಿಐಎಸ್‌ನಲ್ಲಿ ಇದಕ್ಕೆಂದೇ ಒಂದು ಆಜ್ಞೆ ಇದೆ. ಕತ್ತರಿಸಿದ ಅಂಚುಗಳಿಂದ ಬಿಂದುಗಳ ಒಟ್ಟು ಸಂಖ್ಯೆ ಹೆಚ್ಚುತ್ತದೆಯಾದರೂ ಹುಡುಕಾಟ ಮಾತ್ರ ಹಗುರವಾಗುವುದು ವಿಚಿತ್ರವಲ್ಲವೆ? ಒಂದು ಎಚ್ಚರಿಕೆ ಅಗತ್ಯ. ಚೂರುಗಳ ವಿಸ್ತೀರ್ಣವನ್ನು ಕೂಡಿದರೆ ದೇಶದ ವಿಸ್ತೀರ್ಣ ಬರುತ್ತದೆ. ಸುತ್ತಳತೆಗಳನ್ನು ಕೂಡಿದರೆ ಇಲ್ಲದ ಗಡಿಗಳೂ ಸೇರಿಬಿಡುತ್ತವೆ. ಆದುದರಿಂದ ಚೂರುಗಳು ಹುಡುಕುವುದಕ್ಕೆ, ಮೂಲವು ಅಳೆಯುವುದಕ್ಕೆ.

ಕತ್ತರಿಸುವುದರಲ್ಲಿ ಏನೂ ನಷ್ಟವಾಗುವುದಿಲ್ಲ. ಬಿಂದುಗಳನ್ನೇ ಬಿಸಾಡಿ ಹೊರೆ ಇಳಿಸುವ ವಿಧಾನ ಹಾಗಲ್ಲ. 1973ರಲ್ಲಿ ಡಗ್ಲಸ್ ಮತ್ತು ಪ್ಯೂಕರ್ ಎಂಬವರು ಪ್ರಕಟಿಸಿದ ವಿಧಾನದಲ್ಲಿ ವಕ್ರರೇಖೆಯ ಎರಡು ತುದಿಗಳನ್ನು ಸರಳರೇಖೆಯಿಂದ ಸೇರಿಸಿ, ಅದರಿಂದ ಅತ್ಯಂತ ದೂರವಿರುವ ಬಿಂದುವನ್ನು ನೋಡುತ್ತಾರೆ. ಆ ದೂರವು ನಾವು ಗೊತ್ತುಮಾಡಿದ ಮಿತಿಗಿಂತ ಕಡಮೆಯಾದರೆ ನಡುವಿನವೆಲ್ಲ ಬೇಡ. ಹೆಚ್ಚಾದರೆ ಆ ಬಿಂದುವಿನಲ್ಲಿ ರೇಖೆಯನ್ನು ಎರಡಾಗಿ ಒಡೆದು ಪುನಃ ಅದೇ ಕೆಲಸ. ಮಿತಿಯು ಜಿ.ಪಿ.ಎಸ್.ನ ತಪ್ಪಿನಷ್ಟೇ ಇದ್ದರೆ ಕಳೆದುಕೊಂಡದ್ದು ಅಲ್ಪ. ಅದನ್ನು 50 ಮೀಟರಿಗೆ ಏರಿಸಿದರೆ ಘಟ್ಟದ ರಸ್ತೆಯ ಕಡಿದಾದ ತಿರುವುಗಳು ಮಾಯವಾಗಿ ದಾರಿಯು ಸುಳ್ಳು ಸುಳ್ಳಾಗಿ ಹತ್ತಿರವಾಗುತ್ತದೆ. ಇದಕ್ಕಿಂತ ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ನೇರವಾದ ರಸ್ತೆಯಲ್ಲಿ ರೈಲ್ವೆ ಗೇಟಿನ ಮುಂದೆ ಅರ್ಧ ಗಂಟೆ ನಿಂತ ವಾಹನದ ಆ 1,800 ಬಿಂದುಗಳು ಸರಳರೇಖೆಯ ಮೇಲೆಯೇ ಇರುವುದರಿಂದ, ವಿಧಾನವು ಅವನ್ನೆಲ್ಲ ನಿರಾತಂಕವಾಗಿ ತೆಗೆದುಹಾಕುತ್ತದೆ. ಉಳಿದ ಬಿಂದುಗಳನ್ನು ನೋಡಿದವರಿಗೆ ಚಾಲಕನು ಆಮೆಯ ವೇಗದಲ್ಲಿ ಬಂದನೆಂದು ತೋರುತ್ತದೆಯೇ ಹೊರತು ನಿಂತಿದ್ದನೆಂದು ತಿಳಿಯುವುದಿಲ್ಲ. ಸ್ಥಳವನ್ನು ಮಾತ್ರ ಗಮನಿಸುವ ವಿಧಾನಕ್ಕೆ ಕಾಲದ ಅರಿವಿಲ್ಲ. ವೇಳೆ ಮುಖ್ಯವಾದೆಡೆ ಅದನ್ನು ಹಾಗೆಯೇ ಬಳಸುವುದು ಸಲ್ಲದು.

ಎರಡು ಜಿಲ್ಲೆಗಳ ನಡುವಣ ಗಡಿಯನ್ನು ಹಗುರ ಮಾಡುವಾಗಲೂ ಹೀಗೆಯೇ. ಪ್ರತಿ ಜಿಲ್ಲೆಯನ್ನು ಪ್ರತ್ಯೇಕವಾಗಿ ಸರಳಗೊಳಿಸಿದರೆ, ತುದಿಗಳು ಬೇರೆಬೇರೆಯಾಗಿರುವುದರಿಂದ ಉಳಿಯುವ ಬಿಂದುಗಳೂ ಬೇರೆಯಾಗಿ, ನಡುವೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿರುವ ಮನೆ ಯಾವ ಜಿಲ್ಲೆಗೂ ಸೇರದು. ಹೊದಿಕೆಯಲ್ಲಿರುವುದು ಎರಡಕ್ಕೂ ಸೇರುತ್ತದೆ. ಟಾಮ್ಲಿನ್‌ಸನ್ನರ ಹಳೆಯ ವ್ಯವಸ್ಥೆಯಲ್ಲಿ ಪ್ರತಿಯೊಂದು ಗಡಿರೇಖೆಯನ್ನು ಒಂದೇ ಬಾರಿ ಇಟ್ಟು, ಅದರ ಎಡಗಡೆ ಯಾವುದು, ಬಲಗಡೆ ಯಾವುದು ಎಂದು ಬರೆದಿಡುತ್ತಿದ್ದರು. ಹಾಗೆ ಇಟ್ಟ ರೇಖೆಯನ್ನು ಎಷ್ಟು ಸರಳಗೊಳಿಸಿದರೂ ಎರಡು ಕಡೆಗಳೂ ಒಟ್ಟಿಗೇ ಸರಿಯುತ್ತವೆ.