ಮೇಜಿನ ಮೇಲೆ 1985ರ ಬಂಟ್ವಾಳ ರೈಲು ನಿಲ್ದಾಣ

ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಿಗೆ ರೈಲಿಲ್ಲ, ಬಂಟ್ವಾಳಕ್ಕೆ ಇದೆ. ಬಿ.ಸಿ. ರೋಡಿನ ಆ ನಿಲ್ದಾಣದ ಮಾದರಿಯನ್ನು ಮನೆಯಲ್ಲೇ ಕಟ್ಟಬಹುದು. ಅದು ಆಟಿಕೆಯಾಗದೆ ಚರಿತ್ರೆಯ ಪಾಠವಾಗಬೇಕಾದರೆ ಮೂರು ವಿಷಯ ಗಮನಿಸಿ.

1. ವರ್ಷ: ಮೊದಲು ಒಂದು ವರ್ಷವನ್ನು ಆರಿಸಿಕೊಳ್ಳಿ. ಮಂಗಳೂರು–ಹಾಸನ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ, ಮೀಟರ್ ಗೇಜ್ ಆಗಿ. 1996ರಲ್ಲಿ ಗೇಜ್ ಪರಿವರ್ತನೆಗಾಗಿ ಘಟ್ಟದ ಸಂಚಾರ ನಿಂತಿತು. ಅಲ್ಲಿ ಬ್ರಾಡ್ ಗೇಜ್ ಪ್ರಯಾಣಿಕ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. 1985 ಎಂದು ಬರೆದು ಬ್ರಾಡ್ ಗೇಜ್ ಹಳಿ ಹಾಕಿದರೆ, ಮೇಲೆ ವಿದ್ಯುತ್ ತಂತಿ ಎಳೆದರೆ, ಮಾದರಿ ಸುಳ್ಳು ಹೇಳಿದಂತೆ. ಆಗ ಎಳೆಯುತ್ತಿದ್ದದ್ದು ವೈಡಿಎಂ-4 ಡೀಸೆಲ್ ಇಂಜಿನ್.

2. ಅಳತೆ: ಪ್ರಸಿದ್ಧ ‘ಎಚ್‌ಒ’ ಮಾದರಿಯ ಪ್ರಮಾಣ 1:87. ಮೀಟರ್ ಗೇಜ್ 1000 ಮಿ.ಮೀ.; 87ರಿಂದ ಭಾಗಿಸಿದರೆ 11.5. ಹಾಗಾಗಿ 12 ಮಿ.ಮೀ. ಹಳಿ ಸರಿಹೊಂದುತ್ತದೆ. ಬ್ರಾಡ್ ಗೇಜ್ 1676 ಮಿ.ಮೀ.; ಅದಕ್ಕೆ 19.3 ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 16.5 ಮಿ.ಮೀ. ಹಳಿ ಯುರೋಪ್, ಅಮೆರಿಕಗಳ 1435 ಮಿ.ಮೀ. ಗೇಜಿನದು, ನಮ್ಮ ಎರಡಕ್ಕೂ ಹೊಂದದು. ಇದೇ ಲೆಕ್ಕದಲ್ಲಿ 165 ಸೆಂ.ಮೀ. ಎತ್ತರದ ಮನುಷ್ಯ 1.9 ಸೆಂ.ಮೀ. ಆಗುತ್ತಾನೆ. 50 ಮಿ.ಮೀ. ಜಲ್ಲಿ 0.6 ಮಿ.ಮೀ. ಆಗುತ್ತದೆ, ಕಪ್ಪುಕಲ್ಲಿನ ಹುಡಿಯನ್ನು ಜರಡಿ ಹಿಡಿದರೆ ಸಾಕು. ಸಕಲೇಶಪುರ ಘಟ್ಟವನ್ನು ಕಟ್ಟುವ ಆಸೆಯಿದ್ದರೆ ಏರು 50ಕ್ಕೆ 1: ಎರಡು ಮೀಟರ್ ಹಲಗೆಯಲ್ಲಿ ನಾಲ್ಕು ಸೆಂ.ಮೀ. ಮಾತ್ರ.

3. ಸಾಕ್ಷ್ಯ: ಹಳೆಯ ಫೋಟೋ ಹುಡುಕಿ. ಮನೆಯ ಅಜ್ಜ, ಅಜ್ಜಿಯರಲ್ಲಿ ಕೇಳಿ: ಟಿಕೆಟ್ ಕಿಟಕಿ ಯಾವ ಕಡೆಗಿತ್ತು, ಎದುರಿಗೆ ಏನಿತ್ತು, ಬೋಗಿಯ ಬಣ್ಣ ಯಾವುದು? ಒಬ್ಬರ ನೆನಪು ತಪ್ಪಬಹುದು. ಇಬ್ಬರು ಮೂವರಲ್ಲಿ ಕೇಳಿ ಹೋಲಿಸಿ, ಹೇಳಿದವರ ಹೆಸರು ಮತ್ತು ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ.

ಒಂದು ಕಿ.ಮೀ. ಹಳಿ 1:87ರಲ್ಲೂ ಹನ್ನೊಂದೂವರೆ ಮೀಟರ್ ಆಗುತ್ತದೆ. ಯಾವ ಕೋಣೆಗೂ ಹಿಡಿಸದು. ಆದ್ದರಿಂದ ಕುಗ್ಗಿಸಲೇಬೇಕು. ಆದರೆ ಎಲ್ಲಿ ಕುಗ್ಗಿಸಿದೆವು, ಯಾವುದನ್ನು ಊಹಿಸಿ ಕಟ್ಟಿದೆವು ಎಂಬುದನ್ನು ಮಾದರಿಯ ಪಕ್ಕದಲ್ಲೇ ಬರೆದು ಅಂಟಿಸಿ. ಚರಿತ್ರೆ ಬರೆಯುವವರು ಪಾಲಿಸುವ ನಿಯಮವೂ ಇದೇ.

ಮೀಟರ್ ಗೇಜ್ ಹಳಿ ಈಗ ಅಲ್ಲಿಲ್ಲ. ಅದರಲ್ಲಿ ಪ್ರಯಾಣಿಸಿದವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಈ ರಜೆಯಲ್ಲೇ ಕೇಳಿಬಿಡಿ.