ಒಂದು ಹಿಡಿ, ಮೂರು ತುದಿ: ಹಾಲಿನ ಕ್ಯಾನಿಗೂ ಯಂತ್ರಕ್ಕೂ ಒಗ್ಗುವ ಬ್ರಷ್ ಮಾಡಿಕೊಳ್ಳಿ



ನಿಮ್ಮ ಮನೆಯಲ್ಲಿ ಹಾಲಿನ ಕ್ಯಾನು ತೊಳೆಯುವವರು ಯಾರು? ಊರೂರಿಗೆ ಹೋದಾಗ ಈ ಪ್ರಶ್ನೆ ಕೇಳಿದರೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: "ನಮ್ಮ ಹುಡುಗಿ ತೊಳೀತಾಳೆ ಡಾಕ್ಟ್ರೇ, ಅವಳ ಕೈ ಸಣ್ಣದು, ಒಳಗೆ ಹೋಗುತ್ತೆ." ಕ್ಯಾನಿನ ಬಾಯಿಗೆ ತಕ್ಕ ಬ್ರಷ್ ಇಲ್ಲವೆಂದು ಬಾಯಿಗೆ ತಕ್ಕ ಕೈ ಹುಡುಕಿಕೊಂಡಿದ್ದೇವೆ. ಶಾಲೆಗೆ ಹೊರಡುವ ಹೊತ್ತಿನಲ್ಲಿ ಆ ಮಗು ತೆಂಗಿನ ನಾರಿನಿಂದ ಎರಡು ಸುತ್ತು ಉಜ್ಜಿ ನೀರು ಚೆಲ್ಲುತ್ತದೆ. ಅದರ ಕೈ ಕೂಡ ತಳದ ಅಂಚನ್ನು ಸರಿಯಾಗಿ ಮುಟ್ಟುವುದಿಲ್ಲ, ಕತ್ತಿನ ಒಳಮಗ್ಗುಲಂತೂ ಕಣ್ಣಿಗೇ ಬೀಳುವುದಿಲ್ಲ.

ಹಾಲು ಕೆಡುವುದು ಬಹಳ ಸಲ ಇಲ್ಲಿಂದಲೇ. ಹಸು ಆರೋಗ್ಯವಾಗಿರುತ್ತದೆ, ಕೆಚ್ಚಲು ತೊಳೆದು ಒರೆಸಿಯೇ ಕರೆದಿರುತ್ತೀರಿ, ಆದರೂ ಸಂಘದಲ್ಲಿ "ಹಾಲು ಹುಳಿ ಬಂದಿದೆ" ಎಂದು ವಾಪಸ್ ಕಳಿಸುತ್ತಾರೆ. ಕರೆದ ಹಾಲು ಹಸುವಿನ ಮೈಶಾಖದಲ್ಲೇ ಇರುತ್ತದೆ. ಆ ಶಾಖದಲ್ಲಿ ಅನುಕೂಲ ಸಿಕ್ಕ ಸೂಕ್ಷ್ಮಾಣು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಲೆಕ್ಕ ಹಾಕಿ ನೋಡಿ: ಒಂದು ಎರಡಾಗಿ, ಎರಡು ನಾಲ್ಕಾಗಿ, 3 ಗಂಟೆಯಲ್ಲಿ 512. ಕ್ಯಾನಿನ ಮೂಲೆಯಲ್ಲಿ ನಿನ್ನೆಯ ಹಾಲಿನ ಪದರ ಉಳಿದಿದ್ದರೆ ಲೆಕ್ಕ ಒಂದರಿಂದ ಶುರುವಾಗುವುದಿಲ್ಲ, ಲಕ್ಷಗಳಿಂದ ಶುರುವಾಗುತ್ತದೆ. ಮೇಲಾಗಿ ನಿಮ್ಮ ಹಾಲು ಸಂಘದಲ್ಲಿ ಒಂದೇ ಕ್ಯಾನಿಗೋ ಬಿ.ಎಂ.ಸಿ. ತೊಟ್ಟಿಗೋ ಬೀಳುತ್ತದೆ. ಒಂದು ಮನೆಯ ಮೂಲೆ ಎಲ್ಲರ ಹಾಲಿಗೂ ಸೇರಿತು.

ಹಾಗಾಗಿ ಈ ತಿಂಗಳ ಪಾಠ ಬ್ರಷ್‌ದು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಉಜ್ಜುವ ಬ್ರಷ್ ಉಜ್ಜಿಸಿಕೊಳ್ಳುವ ಜಾಗಕ್ಕೆ ಸರಿಹೊಂದದಿದ್ದರೆ ಎಷ್ಟು ಸೋಪಿನ ಪುಡಿ ಸುರಿದರೂ ಅದು ನೀರು ಪಾಲು.

ಒಂದೇ ಬ್ರಷ್ ಏಕೆ ಸಾಲದು?

ನಿಮ್ಮ ಮನೆಯ ಹಾಲಿನ ಸಾಮಾನುಗಳನ್ನು ಸಾಲಾಗಿ ಇಟ್ಟು ನೋಡಿ. ಕ್ಯಾನಿನ ಹೊಟ್ಟೆ ಅಗಲ, ಕತ್ತು ಕಿರಿದು, ತಳದಲ್ಲಿ ಅಂಚು. ಮುಚ್ಚಳದ ರಬ್ಬರ್ ರಿಂಗ್ ಕೂರುವ ಜಾಗ ಬೆರಳಿನಷ್ಟೂ ಅಗಲವಿಲ್ಲ. ಹಾಲು ಕರೆಯುವ ಯಂತ್ರವಿದ್ದರೆ ಮೊಲೆತೊಟ್ಟಿಗೆ ಹಾಕುವ ರಬ್ಬರ್ ಲೈನರ್ ಹೆಬ್ಬೆರಳು ಹೋಗುವಷ್ಟು, ಅದರ ಕೆಳಗಿನ ಸಣ್ಣ ಹಾಲಿನ ಪೈಪ್ ಪೆನ್ಸಿಲ್ ಹೋಗುವಷ್ಟು. ದೊಡ್ಡ ಬ್ರಷ್ ಸಣ್ಣ ತೂತಿಗೆ ಹೋಗುವುದಿಲ್ಲ. ಸಣ್ಣ ಬ್ರಷ್ ದೊಡ್ಡ ಜಾಗದಲ್ಲಿ ಅತ್ತಿತ್ತ ಆಡುತ್ತದೆಯೇ ಹೊರತು ಗೋಡೆಗೆ ಒತ್ತುವುದಿಲ್ಲ.

ನಾಲ್ಕು ಬ್ರಷ್ ಕೊಂಡರೆ ಆಯಿತಲ್ಲ ಎನ್ನಬಹುದು. ಕೊಂಡವರ ಮನೆಯಲ್ಲಿ ಏನಾಗುತ್ತದೆಂದರೆ, ಒಂದು ಬಚ್ಚಲಿಗೆ ಹೋಗುತ್ತದೆ, ಇನ್ನೊಂದು ಕೊಟ್ಟಿಗೆಯ ತೊಟ್ಟಿಗೆ ಹೋಗುತ್ತದೆ, ಉಳಿದದ್ದರಲ್ಲೇ ಎಲ್ಲವನ್ನೂ ಉಜ್ಜುತ್ತಾರೆ. ಅಂಗಡಿಯ ಬಾಟಲಿ ಬ್ರಷ್‌ಗಳ ಹಿಡಿಯೂ ಗಿಡ್ಡ, ಕ್ಯಾನಿನ ತಳ ಮುಟ್ಟಬೇಕಾದರೆ ಮೊಣಕೈವರೆಗೆ ಇಳಿಯಬೇಕು. ಒಂದು ಉದ್ದನೆಯ ಹಿಡಿ, ಅದಕ್ಕೆ ಬಿಚ್ಚಿ ಹಾಕುವ ಬೇರೆ ಬೇರೆ ಗಾತ್ರದ ತುದಿಗಳು ಇದ್ದರೆ ಎಲ್ಲವೂ ಒಂದೇ ಮೊಳೆಗೆ ತೂಗುಬೀಳುತ್ತವೆ. ಎಳೆ ಸವೆದಾಗ ತುದಿ ಮಾತ್ರ ಬದಲಿಸಿದರೆ ಸಾಕು.

ಹಿಡಿ ಹೀಗಿರಲಿ

ಮರದ ಹಿಡಿ ಬೇಡ. ಮರ ಹಾಲನ್ನೂ ನೀರನ್ನೂ ಹೀರುತ್ತದೆ, ಬೇಗ ಒಣಗುವುದಿಲ್ಲ, ಸೀಳಿನೊಳಗೆ ಕೊಳೆ ಕೂರುತ್ತದೆ. ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಅರ್ಧ ಇಂಚಿನ ಪಿವಿಸಿ ಪೈಪ್ ಸಾಕು. ಅನುಕೂಲವಿದ್ದರೆ ಸ್ಟೀಲ್ ಪೈಪಿನಲ್ಲಿ ವೆಲ್ಡಿಂಗ್ ಅಂಗಡಿಯವರಿಂದ ಮಾಡಿಸಿ, ಅದು ಬಹುಕಾಲ ಬಾಳುತ್ತದೆ.

ಉದ್ದಕ್ಕೆ ಟೇಪು ಬೇಕಿಲ್ಲ. ಕ್ಯಾನಿನೊಳಗೆ ಕೋಲು ಇಳಿಸಿ ಆಳ ಗುರುತು ಮಾಡಿ, ಅದರ ಮೇಲೆ ಒಂದು ಗೇಣು ಸೇರಿಸಿ. ಕೈ ಕ್ಯಾನಿನ ಹೊರಗೇ ಇರುತ್ತದೆ, ಬಿಸಿನೀರು ತಾಗುವುದಿಲ್ಲ, ಕ್ಯಾನಿನ ಅಂಚು ಮಣಿಕಟ್ಟಿಗೆ ಗೀರುವುದಿಲ್ಲ.

ಈ ಪೈಪಿನ ಹೊರ ಅಳತೆ ಸುಮಾರು 21 ಮಿ.ಮೀ. ಸೋಪಿನ ಕೈಯಲ್ಲಿ ಅಷ್ಟು ಸಪೂರದ್ದು ಜಾರುತ್ತದೆ, ಬಿಗಿಯಾಗಿ ಹಿಡಿದು ಹಿಡಿದು ಬೆರಳು ನೋಯುತ್ತವೆ. ಸೈಕಲ್ ಹ್ಯಾಂಡಲಿನ ರಬ್ಬರ್ ಗ್ರಿಪ್ ಹೆಚ್ಚುಕಡಿಮೆ ಇದೇ ಅಳತೆಯದು, ಸ್ವಲ್ಪ ಸಡಿಲವಿದ್ದರೆ ಅಂಟು ಹಾಕಿ ಕೂರಿಸಿ. ಕೈತುಂಬ ಹಿಡಿತ ಸಿಗುತ್ತದೆ.

ಪೈಪಿನ ಮೇಲ್ತುದಿಗೆ ಎಂಡ್ ಕ್ಯಾಪ್ ಅಂಟಿಸಿ ಮುಚ್ಚಿ. ಕೆಳತುದಿಯ ಮೂರು ಇಂಚನ್ನು ಪ್ಲಂಬರ್ ಕೈಯಲ್ಲಿ ಬಿಸಿ ಮಾಡಿಸಿ, ಮೆತ್ತಗಾದಾಗ ಎರಡು ಹಲಗೆಯ ನಡುವೆ ಒತ್ತಿಸಿ ಚಪ್ಪಟೆ ಮಾಡಿಸಿ. ಹೊಗೆ ಬರುವಷ್ಟು ಸುಡಬಾರದು. ಚಪ್ಪಟೆಯಾದ ಭಾಗದಲ್ಲಿ ಒಂದರ ಮೇಲೊಂದು, 50 ಮಿ.ಮೀ. ಅಂತರದಲ್ಲಿ, 6 ಮಿ.ಮೀ. ಬೋಲ್ಟ್ ಹೋಗುವ ಎರಡು ತೂತು ಕೊರೆಸಿ. ತೂತುಗಳ ಒಳಗಿನ ಸಂದಿಗೂ ಅಂಚಿನ ಸಂದಿಗೂ ಪಿವಿಸಿ ಗಮ್ ತುಂಬಿ ಒಣಗಿಸಿ. ಕೊನೆಗೆ ಇಡೀ ಹಿಡಿಯನ್ನು ನೀರಿನಲ್ಲಿ ಮುಳುಗಿಸಿ ನೋಡಿ. ಗುಳ್ಳೆ ಬಂದರೆ ಎಲ್ಲೋ ಸಂದಿ ಉಳಿದಿದೆ ಎಂದರ್ಥ. ಅದನ್ನು ಮುಚ್ಚದೆ ಬಳಸಬೇಡಿ, ಕೊಳವೆಯೊಳಗೆ ಹೊಕ್ಕ ಹಾಲುನೀರು ಅಲ್ಲೇ ಕೊಳೆತು ಮರುದಿನ ಕ್ಯಾನಿಗೆ ಇಳಿಯುತ್ತದೆ.

ಜೋಡಣೆಯೇ ಮುಖ್ಯ

ತಿರುಗಿಸಿ ಕೂರಿಸುವ ಮರೆ, ಅಂದರೆ ತ್ರೆಡ್, ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಪೈಪಿಗೆ ತ್ರೆಡ್ ಇರುವ ಜೋಡು ಹಾಕಿದರೆ ಕೆಲಸ ಸುಲಭ ನಿಜ. ನನ್ನ ಸಲಹೆ, ಹಾಲಿನ ಸಾಮಾನಿಗೆ ಅದು ಬೇಡ. ಆ ಸುರುಳಿ ಗೀರುಗಳಲ್ಲಿ ಹಾಲಿನ ಜಿಡ್ಡು ಕೂರುತ್ತದೆ, ಒಳಗಿನ ಸುರುಳಿಯನ್ನು ಉಜ್ಜಲು ಇನ್ನೊಂದು ಬ್ರಷ್ ಬೇಕಾಗುತ್ತದೆ! ಒತ್ತಿ ಸಿಕ್ಕಿಸುವ ಕ್ಲಿಪ್ಪಿನ ಜೋಡಣೆಗಳಲ್ಲೂ ಇದೇ ತೊಂದರೆ, ಜೊತೆಗೆ ಅವು ಬೇಗ ಮುರಿಯುತ್ತವೆ.

ಅದರ ಬದಲು ಚಪ್ಪಟೆ ಮೇಲೆ ಚಪ್ಪಟೆ ಜೋಡಣೆ ಮಾಡಿ. ತಂತಿ ಹುರಿ ಮಾಡಿದ ಬಾಟಲಿ ಬ್ರಷ್‌ಗಳ ಹಿಂತುದಿಯಲ್ಲಿ ನೇತುಹಾಕಲು ಒಂದು ಕುಣಿಕೆ ಇರುತ್ತದಲ್ಲ, ಅದೇ ನಮಗೆ ಬೇಕಾದದ್ದು. ಹಿಡಿಯ ಮೇಲಿನ ತೂತಿನ ಬೋಲ್ಟನ್ನು ಈ ಕುಣಿಕೆಯೊಳಗೆ ತೂರಿಸಿ. ಕೆಳಗಿನ ಬೋಲ್ಟಿಗೆ ಅಗಲ ವಾಷರ್ ಹಾಕಿ, ಬ್ರಷ್‌ನ ತಂತಿ ಆ ವಾಷರಿನ ಅಡಿಯಲ್ಲಿ ಬಿಗಿಯಾಗುವಂತೆ ಕೂರಿಸಿ. ಎರಡಕ್ಕೂ ಕೈಯಲ್ಲೇ ತಿರುಗಿಸುವ ಚಿಟ್ಟೆ ನಟ್ಟು. ಒಂದೇ ಬೋಲ್ಟ್ ಹಾಕಿದರೆ ಬ್ರಷ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಎರಡು ಹಾಕಿದರೆ ನಿಲ್ಲುತ್ತದೆ. ಬೋಲ್ಟ್, ನಟ್ಟು, ವಾಷರ್ ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ, ತುಕ್ಕು ಹಿಡಿಯುವುದು ಬೇಡ.

ದಿನಾ ತುದಿ ಬದಲಿಸುವಾಗ ಜೋಡಣೆ ದಿನಾ ಬಿಚ್ಚಿಕೊಳ್ಳುತ್ತದೆ, ದಿನಾ ತೊಳೆದುಕೊಳ್ಳುತ್ತದೆ. ಬಿಚ್ಚಿದ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಬಹುದು, ನೈಲಾನ್ ಎಳೆ ತಡೆಯುತ್ತದೆ. ಪಿವಿಸಿ ಹಿಡಿಯನ್ನು ಮಾತ್ರ ಅದ್ದಬೇಡಿ, ಮೆತ್ತಗಾಗಿ ಸೊಟ್ಟಗಾಗುತ್ತದೆ. ಕೆಲಸ ಮುಗಿದ ಮೇಲೆ ಎರಡು ನಟ್ಟು, ಎರಡು ವಾಷರ್ ಎಣಿಸಿಯೇ ಏಳಿ.

ತುದಿಗಳ ಅಳತೆ

ತೂತಿನ ಒಳ ಅಳತೆಗಿಂತ ಬ್ರಷ್‌ನ ಎಳೆಗಳ ಸುತ್ತು 2ರಿಂದ 3 ಮಿ.ಮೀ. ದಪ್ಪವಿರಬೇಕು. ಆಗ ಎಳೆಗಳು ಸ್ವಲ್ಪ ಬಾಗಿ ಗೋಡೆಗೆ ಒತ್ತಿಕೊಂಡು ಉಜ್ಜುತ್ತವೆ. ಅಳತೆ ತೆಗೆಯುವುದು ಹೀಗೆ: ಒಂದು ಹಾಳೆಯನ್ನು ಬೀಡಿಯಂತೆ ಸುತ್ತಿ ತೂತಿನೊಳಗೆ ಬಿಡಿ, ಅದು ತಾನಾಗಿ ಬಿಚ್ಚಿಕೊಂಡು ಗೋಡೆಗೆ ಅಂಟುತ್ತದೆ. ಹಾಳೆಯ ಅಂಚು ಎಲ್ಲಿ ಸೇರಿತು ಎಂದು ಪೆನ್ನಿನಲ್ಲಿ ಗೆರೆ ಎಳೆದು ಹೊರತೆಗೆಯಿರಿ, ಅದೇ ಗೆರೆಗೆ ಮತ್ತೆ ಸುತ್ತಿ ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ಲೈನರ್ ಮೆತ್ತಗಿರುವುದರಿಂದ ಅದನ್ನು ಒತ್ತದೆ ಅಳೆಯಿರಿ. ಉದಾಹರಣೆಗೆ ಲೈನರ್ ಒಳಗೆ 22 ಮಿ.ಮೀ. ಬಂದರೆ 25ರ ತುದಿ, ಸಣ್ಣ ಪೈಪ್ 10 ಬಂದರೆ 12ರ ತುದಿ. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಅಳತೆ, ಆದ್ದರಿಂದ ನೆರೆಮನೆಯವರ ಅಳತೆ ನಂಬಿ ಕೊಳ್ಳಬೇಡಿ.

ದೊಡ್ಡ ತುದಿಗೆ ಈ ಲೆಕ್ಕ ಬೇಡ. ದಪ್ಪ ತಂತಿಯ ದೊಡ್ಡ ಬಾಟಲಿ ಬ್ರಷ್ ತಂದು, ಅದರ ತಂತಿಯನ್ನು ಕುಡುಗೋಲಿನಂತೆ ಬಾಗಿಸಿ. ಬಾಗಿದ ಹೊರಮೈ ಕ್ಯಾನಿನ ಹೊಟ್ಟೆಯನ್ನೂ ತಳದ ಅಂಚನ್ನೂ ಉಜ್ಜುತ್ತದೆ, ಮೇಲಕ್ಕೆಳೆದು ತಿರುಗಿಸಿದರೆ ಕತ್ತಿನ ಒಳಮಗ್ಗುಲಿಗೂ ಸಿಗುತ್ತದೆ. ಬಾಗು ತುದಿಯಲ್ಲಿರಲಿ, ಹಿಡಿ ನೆಟ್ಟಗಿರಲಿ. ಹಿಡಿಯನ್ನೇ ಬಾಗಿಸಿದರೆ ಸಣ್ಣ ತುದಿಗಳು ಪೈಪಿನೊಳಗೆ ಹೋಗುವುದಿಲ್ಲ.

ಕೈಯಲ್ಲೇ ಕರೆಯುವವರಿಗೆ ದೊಡ್ಡದೊಂದು, ಮುಚ್ಚಳ, ಸೋಸುವ ಜಾಲರಿ ಮತ್ತು ಮೊಲೆತೊಟ್ಟು ಅದ್ದುವ ಬಟ್ಟಲಿಗೆ ಸಣ್ಣದೊಂದು, ಎರಡೇ ಸಾಕು. ಯಂತ್ರದ ಉದ್ದನೆಯ ಹಾಲಿನ ಪೈಪಿಗೆ ಯಾವ ಹಿಡಿಯೂ ಎಟುಕುವುದಿಲ್ಲ. ಅದಕ್ಕೆ ಸರಿಯಾದ ಅಳತೆಯ ತುದಿಯನ್ನು ಹಿಡಿಯಿಂದ ಬಿಚ್ಚಿ, ಕುಣಿಕೆಗೆ ನೈಲಾನ್ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಸಣ್ಣ ಭಾರ ಕಟ್ಟಿ ಪೈಪಿನೊಳಗೆ ಇಳಿಬಿಟ್ಟು ಎಳೆಯಿರಿ. ಗಾಳಿ ಆಡುವ ಪಲ್ಸೇಟರ್ ಪೈಪಿಗೆ ಮಾತ್ರ ನೀರು ತಾಗಿಸಬೇಡಿ.

ಎಳೆಗಳ ಬಣ್ಣ ಕಡುನೀಲಿ ಇರುವಂತೆ ನೋಡಿ ಕೊಳ್ಳಿ. ಉದುರಿದ ಒಂದು ಎಳೆ ಹಾಲಿನಲ್ಲಿ ತಕ್ಷಣ ಕಾಣುತ್ತದೆ, ಬಿಳಿಯದು ಕಾಣುವುದಿಲ್ಲ. ಬ್ರಷ್‌ನ ಮುಂತುದಿಯಲ್ಲಿ ತಂತಿ ಹೊರಗೆ ಚಾಚಿರಬಾರದು, ಅದರ ಮೇಲೆ ಎಳೆಗಳ ಕುಚ್ಚು ಇರಬೇಕು. ಇಲ್ಲದಿದ್ದರೆ ಲೈನರಿನ ರಬ್ಬರ್ ಹರಿಯುತ್ತದೆ.

ಉಜ್ಜುವ ಕ್ರಮ

ಹಾಲು ಸುರಿದ ಕೂಡಲೇ, ಸಾಧ್ಯವಾದರೆ ಸಂಘದ ನಲ್ಲಿಯಲ್ಲೇ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಬೆಂದು ಗೋಡೆಗೆ ಅಂಟುತ್ತದೆ. ಅನ್ನ ತಳಹಿಡಿದಂತೆಯೇ ಇದು. ಆಮೇಲೆ ಕೈ ತಡೆಯುವುದಕ್ಕಿಂತ ತುಸು ಹೆಚ್ಚು ಬಿಸಿಯ ನೀರಿಗೆ ಒಕ್ಕೂಟದ ಕ್ಯಾನು ತೊಳೆಯುವ ಪುಡಿ ಹಾಕಿ ಬ್ರಷ್‌ನಲ್ಲಿ ಉಜ್ಜಿ. ಉದ್ದ ಹಿಡಿ ಇರುವುದರಿಂದಲೇ ಇಷ್ಟು ಬಿಸಿ ಬಳಸಲು ಆಗುತ್ತದೆ. ಅಲ್ಯೂಮಿನಿಯಂ ಕ್ಯಾನಿಗೆ ಕಾಸ್ಟಿಕ್ ಸೋಡಾ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ. ಶುದ್ಧ ನೀರಿನಲ್ಲಿ ಜಾಲಿಸಿ ಬಾಯಿ ಕೆಳಗಾಗಿ ಸ್ಟ್ಯಾಂಡಿನ ಮೇಲೆ ಒಣಗಿಸಿ, ನೆಲದ ಮೇಲಲ್ಲ.

ಬೂದಿ, ಮರಳು, ಸ್ಟೀಲ್ ನಾರು ಹೊಳಪು ಕೊಡುತ್ತವೆ ನಿಜ, ಗೀರನ್ನೂ ಕೊಡುತ್ತವೆ. ಆ ಗೀರುಗಳಲ್ಲೇ ಮುಂದೆ ಹಾಲಿನ ಸುಣ್ಣ, ಜಿಡ್ಡು ಸೇರಿ ಹಳದಿ ಪದರ ಗಟ್ಟಿಯಾಗುತ್ತದೆ. ಇದನ್ನು ಹಾಲುಗಲ್ಲು ಎನ್ನುತ್ತೇವೆ. ಒಮ್ಮೆ ಕಟ್ಟಿದ ಮೇಲೆ ಸೋಪಿಗೆ ಬಗ್ಗುವುದಿಲ್ಲ, ಆಮ್ಲದ ಗುಣವಿರುವ ಪುಡಿ ಬೇಕಾಗುತ್ತದೆ. ಅದನ್ನು ಸಂಘದವರನ್ನು ಕೇಳಿಯೇ ಬಳಸಿ.

ಕೊಟ್ಟಿಗೆ ನೆಲಕ್ಕೆ, ಹಸುವಿನ ಮೈಗೆ ಈ ಹಿಡಿ ಎಂದೂ ಹೋಗಬಾರದು. ಮನೆಯಲ್ಲಿ ಎಲ್ಲರಿಗೂ ತಿಳಿಯಲೆಂದು ಹಿಡಿಗೆ ಕೆಂಪು ಟೇಪು ಸುತ್ತಿಡಿ. ಕೆಚ್ಚಲು ಬಾವು ಬಂದ ಹಸುವನ್ನು ಕೊನೆಗೆ ಕರೆಯುತ್ತೀರಲ್ಲ, ಅದರ ಪಾತ್ರೆಯನ್ನೂ ಕೊನೆಗೇ ಉಜ್ಜಿ. ಯಂತ್ರದಲ್ಲಿ ಕರೆದಿದ್ದರೆ ಲೈನರ್ ಉಜ್ಜಿದ ತುದಿಯನ್ನು ಅಂದೇ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ರೋಗಾಣು ಒಂದು ಕೆಚ್ಚಲಿನಿಂದ ಇನ್ನೊಂದಕ್ಕೆ ಹೋಗಲು ಕೈ, ಬಟ್ಟೆ, ಲೈನರ್ ಮೂರೂ ದಾರಿ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ತೊಳೆದ ಕ್ಯಾನಿನೊಳಗೆ ಮೊಬೈಲ್ ಟಾರ್ಚ್ ಬಿಡಿ. ನೀರು ಒಂದೇ ಸಮನೆ ಹಾಳೆಯಂತೆ ಇಳಿದರೆ ಶುದ್ಧ, ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ. ಇನ್ನೊಂದು, ಒಣಗಿದ ಕ್ಯಾನಿಗೆ ಒಂದು ಗಂಟೆ ಮುಚ್ಚಳ ಹಾಕಿಟ್ಟು ತೆರೆದು ಮೂಸಿ ನೋಡಿ, ಮೂಗು ಸುಳ್ಳು ಹೇಳುವುದಿಲ್ಲ.

ನಿಖರವಾಗಿ ತಿಳಿಯಬೇಕಾದರೆ ಎಂ.ಬಿ.ಆರ್.ಟಿ. ಪರೀಕ್ಷೆ ಇದೆ. ಹಾಲಿಗೆ ನೀಲಿ ಬಣ್ಣದ ದ್ರಾವಣ ಸೇರಿಸಿ 37 ಡಿಗ್ರಿಯಲ್ಲಿ ಇಡುತ್ತಾರೆ. ಸೂಕ್ಷ್ಮಾಣು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಸುತ್ತದೆ. 5 ಗಂಟೆ ಅಥವಾ ಹೆಚ್ಚು ನಿಂತರೆ ಅತ್ಯುತ್ತಮ, ಅರ್ಧ ಗಂಟೆಯಲ್ಲೇ ಹೋದರೆ ಕಳಪೆ. ಹೊಸ ಬ್ರಷ್ ಬಳಸುವ ಮೊದಲು ಒಮ್ಮೆ, 15 ದಿನ ಬಳಸಿದ ಮೇಲೆ ಒಮ್ಮೆ ನಿಮ್ಮ ಹಾಲಿನ ಮಾದರಿಯನ್ನು ಪರೀಕ್ಷೆ ಮಾಡಿಸಿಕೊಡಿ ಎಂದು ಕಾರ್ಯದರ್ಶಿಯವರನ್ನು ಕೇಳಿ.

ಮಹಿಳಾ ಸಂಘದವರು ಸೇರಿ ಮಾಡಿಸುವುದಾದರೆ ಎರಡು ತೂತಿನ ನಡುವಿನ 50 ಮಿ.ಮೀ. ಅಂತರವನ್ನು ಎಲ್ಲರೂ ಒಂದೇ ಇಟ್ಟುಕೊಳ್ಳಿ. ಒಂದು ರಟ್ಟಿನಲ್ಲಿ ಅಳತೆ ಕತ್ತರಿಸಿ ಪ್ಲಂಬರಿಗೆ ಕೊಟ್ಟರೆ ಅಷ್ಟೂ ಹಿಡಿಗಳು ಒಂದೇ ದಿನ ಸಿದ್ಧವಾಗುತ್ತವೆ, ಒಬ್ಬರ ತುದಿ ಇನ್ನೊಬ್ಬರ ಹಿಡಿಗೆ ಕೂರುತ್ತದೆ. ತುದಿಗಳನ್ನು ಡಜನ್ ಲೆಕ್ಕದಲ್ಲಿ ತಂದು ಸಂಘದಲ್ಲೇ ಇಟ್ಟುಕೊಳ್ಳಬಹುದು. ಎಳೆಗಳು ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾಗದಿದ್ದರೆ, ತಂತಿಯಲ್ಲಿ ತುಕ್ಕು ಕಂಡರೆ, ಆ ತುದಿಯನ್ನು ಕತ್ತರಿಸಿ ಎಸೆಯಿರಿ. ಹಾಗೇ ಬಿಟ್ಟರೆ ಅದು ಮತ್ತೆ ಯಾವುದಾದರೂ ಕ್ಯಾನಿಗೆ ಬರುತ್ತದೆ.